ಹೊರಗ ಕುಂದ್ರಿ

ಹಾವೇರಿಯ ಆ ಡಾಕ್ಟರಮ್ಮನನ್ನು ಕಂಡ ಕೂಡಲೇ ನನಗೆ ಮೈ ಉರಿಯಿತು. ಮಗಳು ನಿರ್ಮಲಾಳ ಹೆಸರು ಕೂಗಿದಾಗ ನಾನೂ ಎದ್ದೆ. "ನೀವು ಹೊರಗ ಕುಂದ್ರಿ. ಆಕಿಗೆ ಹದಿನೆಂಟು ತುಂಬ್ಯಾವ, ಆಕಿನಽ ಹೇಳ್ತಾಳ" ಎಂದಳು. ನಗುತ್ತ ಬೇರೆ ಹೇಳಿದಳು!

ನಿರ್ಮಲಾಗೆ ಆರನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಅಂದಿನಿಂದ ಹನ್ನೆರಡು ವರ್ಷ, ದಿನಕ್ಕೆರಡು ಸಲ, ಇನ್ಸುಲಿನ್ ಸೂಜಿ ಚುಚ್ಚಿದ ಕೈ ಇದು. ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ. ಹಸಿ ಉಸುಕಿನ ಗಡಿಗೆಯಲ್ಲಿ ಔಷಧದ ಬಾಟಲಿ ಇಟ್ಟು ಕಾಯ್ದವಳೂ ನಾನೇ. ರಾಣೆಬೆನ್ನೂರಿನ ಮಕ್ಕಳ ಡಾಕ್ಟರು "ಹೆಂಗಿದ್ದೀಯವ್ವಾ?" ಎಂದು ಅವಳನ್ನು ಕೇಳಿದರೆ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ಈಚೆಗೆ ಸಕ್ಕರೆ ಹತೋಟಿ ತಪ್ಪಿ ಅವಳು ಕಾಲೇಜಿನಲ್ಲಿ ಒಮ್ಮೆ ಬಿದ್ದಳು. ಆಗ ಅವರೇ, "ಈಕಿ ಇನ್ನ ಸಣ್ಣಾಕಿ ಅಲ್ಲ, ದೊಡ್ಡವರ ಡಾಕ್ಟರಿಗೆ ತೋರಸ್ರಿ" ಎಂದು ಇಲ್ಲಿಗೆ ಚೀಟಿ ಬರೆದುಕೊಟ್ಟರು.

ಬಾಗಿಲಿಗೆ ಬರೀ ಪರದೆ. ಅದಕ್ಕೆ ಹತ್ತಿದ ಬೆಂಚನ್ನೇ ಹಿಡಿದೆ. ಒಳಗೆ ನಿರ್ಮಲಾ ನಗುತ್ತಿದ್ದಳು. ಮನೆಯಲ್ಲಿ ಹೂಂ, ಉಹೂಂ ಬಿಟ್ಟು ಮೂರನೇ ಮಾತಿಲ್ಲ. ಇಲ್ಲಿ ಹತ್ತು ನಿಮಿಷದ ಪರಿಚಯಕ್ಕೆ ಕಾಲೇಜು, ಬಸ್ಸು, ಗೆಳತಿಯರು ಎಲ್ಲ ಹೊರಬಿತ್ತು. ಹೆತ್ತವಳು ನಾನು, ಹೊತ್ತವಳು ನಾನು, ಹೊಟ್ಟೆ ಉರಿಯದೆ ಇರುತ್ತದೆಯೇ?

"ಸೂಜಿ ಎಲ್ಲಿ ಹಾಕ್ಕೋತಿ? ತೋರ್ಸು."

ನಾನು ಬೆಂಚಿನ ಅಂಚಿಗೆ ಸರಿದೆ. ಎಡ ತೊಡೆಯಲ್ಲಿ ಒಂದೇ ಜಾಗ. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲವೆಂದು ಕಂಡುಕೊಂಡಿದ್ದೆ. ಜಾಗ ಬದಲಿಸುತ್ತೀರಾ ಎಂದು ಮಕ್ಕಳ ಡಾಕ್ಟರು ಪ್ರತಿ ಸಲ ಕೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ಮಗಳು ಮೈನೆರೆದ ಮೇಲೆ ಗಂಡು ಡಾಕ್ಟರ ಮುಂದೆ ತೊಡೆ ತೋರಿಸಲು ನಾನು ಬಿಟ್ಟಿರಲಿಲ್ಲ.

"ಅಯ್ಯ, ಇಷ್ಟು ದೊಡ್ಡ ಗಂಟು! ಇದರಾಗ ಹಾಕಿದ ಔಷಧ ಮೈಗೆ ಸರಿ ಹತ್ತೂದಿಲ್ಲ. ಅದಕ್ಕಽ ನಿನ್ನ ಸಕ್ಕರಿ ಹತೋಟಿಗೆ ಬರವಲ್ದು. ಯಾರು ಇಲ್ಲೇ ಹಾಕಿದವ್ರು?"

"ನಾನಽ ರೀ. ಅವ್ವ ಬ್ಯಾಡ ಅಂದ್ರೂ ಕೇಳ್ಳಿಲ್ಲ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವಳ ಬಾಯಾಗಿ ನಾನು ಮಾತಾಡಿದ್ದೆ, ಈಗ ನನ್ನ ತಪ್ಪನ್ನು ಅವಳು ತಲೆಯ ಮೇಲೆ ಹೊತ್ತುಕೊಂಡಿದ್ದಳು. ಪರದೆ ಸರಿಸಿ ಒಳಗೆ ನುಗ್ಗಿದೆ.

"ಸುಳ್ಳು ರೀ! ಹಾಕಿದಾಕಿ ನಾನು. ನೋವಾಗಬಾರ್ದು ಅಂತ..."

ಡಾಕ್ಟರಮ್ಮ ಮತ್ತೆ ಬಾಗಿಲ ಕಡೆ ಕೈ ಮಾಡಿದಳು. ನಿರ್ಮಲಾ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿಕೊಂಡಳು.

"ಇರ್ಲಿ ಬಿಡ್ರಿ" ಎಂದು ನನ್ನ ಕಡೆ ತಿರುಗಿದಳು. "ಅವ್ವಾ, ಕುಂದ್ರು. ಆದ್ರ ಮಾತಾಡಾಕಿ ನಾನು."

ಬಾಯಿಗೆ ಸೆರಗು ಒತ್ತಿಕೊಂಡು ಕುಳಿತೆ.