ನಲ್ಲಿ ನೀರು ತಾಗಬಾರದ ಕಲ್ಲು

ಉಕ್ಕಿನ ಡಬ್ಬಿಯ ಮುಚ್ಚಳವನ್ನು ನಾನು ಇಷ್ಟಿಷ್ಟೇ ತಿರುಗಿಸುತ್ತಿದ್ದೆ. ಒಳಗೆ ಶೇಲ್ ಎಂಬ ಜೇಡಿಗಲ್ಲಿನ ಇಪ್ಪತ್ತು ಗ್ರಾಂ ಚೂರುಗಳು, ಎಣ್ಣೆ ಬಾವಿ ಕೊರೆಯುವಾಗ ಒಳಗೆ ಹರಿಸಲೆಂದು ನಾನೇ ಕಲಸಿದ ಕೆಸರಿನಲ್ಲಿ, ಬಿಸಿ ಓವನ್ನಿನೊಳಗೆ ಹದಿನಾರು ಗಂಟೆ ಉರುಳಿದ್ದವು. ಬಾವಿಯಲ್ಲಿ ಇದೇ ಕಲ್ಲಿನ ಗೋಡೆ ನೀರು ಕುಡಿದು ಕುಸಿದು, ಕೊರೆಯುವ ಕೊಳವೆ ಎರಡು ಸಲ ಸಿಕ್ಕಿಹಾಕಿಕೊಂಡಿತ್ತು. ಹತ್ತು ಗಂಟೆಗೆ ಬಾವಿಯ ಎಂಜಿನಿಯರ್ ಬರುವವರಿದ್ದರು. ಅವರು ಒಪ್ಪಿದರೆ ನನ್ನ ಕೆಸರು ಟ್ಯಾಂಕರ್ ಏರುತ್ತದೆ. ಇಲ್ಲದಿದ್ದರೆ ನಾನು ಮತ್ತೆ ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೂರಬೇಕು.

"ಮುಚ್ಚಳ ತೆಗೀತಿದ್ದೀಯೋ, ಹಾವಿನ ಬುಟ್ಟಿ ತೆಗೀತಿದ್ದೀಯೋ?" ಎಂದರು ಅಕ್ಕ. ಲ್ಯಾಬಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗೂ ಅಕ್ಕ.

ಜರಡಿಗೆ ಸುರಿದೆ. ಕೆಸರು ಇಳಿಯಿತು. ಚೂರುಗಳು ಹಾಗೇ ಉಳಿದವು, ಅಂಚು ಕೂಡ ಸವೆದಿರಲಿಲ್ಲ.

"ಅಕ್ಕಾ, ಕರಗಿಲ್ಲ."

"ಕೆಸರಲ್ಲೂ ಜೇಡಿ, ಕಲ್ಲಲ್ಲೂ ಜೇಡಿ. ದಾಯಾದಿಗಳು ಕಣೇ. ಹದಿನಾರು ಗಂಟೆ ಒಂದೇ ಮನೇಲಿ ಜಗಳ ಆಡದೆ ಇದ್ದಾವೆ ಅಂದ್ರೆ, ನಿನ್ನ ಪೊಟ್ಯಾಶಿಯಂ ಉಪ್ಪು ಭಾರಿ ಪಂಚಾಯ್ತಿ ಮಾಡಿದೆ."

ಹೌದು, ಉಪ್ಪು ಕಲ್ಲಿನ ಪದರಗಳ ನಡುವೆ ಕೂತು ನೀರಿಗೆ ದಾರಿ ಬಿಟ್ಟಿರಲಿಲ್ಲ. ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವ ನಾನು, ಜರಡಿ ಹಿಡಿದು ಮೇಜಿಗೆ ಒಂದು ಸುತ್ತು ಹಾಕಿ, ನೇರವಾಗಿ ನಲ್ಲಿ ತಿರುಗಿಸಿ ಚೂರುಗಳನ್ನು ತೊಳೆಯತೊಡಗಿದೆ. ನಲ್ಲಿಯ ಮೇಲೆ ನನ್ನದೇ ಅಕ್ಷರದ ಚೀಟಿ ಇತ್ತು: ಉಪ್ಪುನೀರಿನಲ್ಲಿ ಮಾತ್ರ ತೊಳೆಯಿರಿ.

ಅಕ್ಕ ಕೈಗೆ ಸಿಕ್ಕಷ್ಟನ್ನು ಬಾಚಿ ಉಪ್ಪುನೀರಿನ ಬೀಕರಿಗೆ ಹಾಕಿದರು. ಉಳಿದ ಚೂರುಗಳು ನನ್ನ ಕಣ್ಣೆದುರೇ ಉಬ್ಬಿ, ಬಿರಿದು, ಮುದ್ದೆಯಾದವು. ಅಷ್ಟರಲ್ಲಿ ಬಾಗಿಲಲ್ಲಿ ಎಂಜಿನಿಯರ್.

"ಎಷ್ಟು ಗ್ರಾಂ ಉಳೀತು?"

"ತೂಕ ಹೋಯ್ತು ಸಾರ್. ಖುಷೀಲಿ ನಲ್ಲಿ ನೀರಲ್ಲಿ ತೊಳೆದುಬಿಟ್ಟೆ."

ಅಕ್ಕ ಬೀಕರನ್ನು ಜರಡಿಯ ಪಕ್ಕಕ್ಕೆ ತಳ್ಳಿದರು. ಎಂಜಿನಿಯರ್ ಬೀಕರಿನ ಚೂರೊಂದನ್ನು ಉಗುರಿನಿಂದ ಒತ್ತಿದರು, ಮುರಿಯಲಿಲ್ಲ. ಮುದ್ದೆಗೆ ಬೆರಳಿಟ್ಟರು, ಬೆರಳು ತಳ ಮುಟ್ಟಿತು.

"ಎರಡೂ ಒಂದೇ ಕಲ್ಲಾ?"

"ಒಂದೇ ಡಬ್ಬೀದು ಸಾರ್."

"ಇದು ಹೀಗಾಗೋಕೆ ಎಷ್ಟು ಹೊತ್ತು ಬೇಕಾಯ್ತು?"

"ನನ್ನ ಟೀ ಇನ್ನೂ ಆರಿಲ್ಲ," ಎಂದರು ಅಕ್ಕ.

ಎಂಜಿನಿಯರ್ ಬೆರಳು ಒರೆಸಿಕೊಂಡರು. "ಇನ್ನೊಂದು ಸಲ ಉರುಳಿಸಿ, ಅಂಕಿ ನಾಳೆ ಕೊಡಿ. ಟ್ಯಾಂಕರ್ ಇವತ್ತೇ ತುಂಬಿಸ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ಮೊದಲು ನಲ್ಲಿಯ ಮುಂದೆ ಹೋಗಿ ಅಡ್ಡ ನಿಂತರು. ಆಮೇಲೆ ಹೇಳಿದರು, "ಈಗ ಕುಣಿ."