ಎಡಗಾಲಿನ ಪೆಡಲು

“ಸ್ವಲ್ಪ ಮೇಲೆ ಎತ್ತು,” ಎಂದ ಅನಂತ.

ನೀರಜಾ ಎಡಗಾಲನ್ನು ಗಂಡನ ತೊಡೆಯ ಮೇಲಿಟ್ಟು ಚಹಾ ಕುಡಿಯುತ್ತಿದ್ದಳು. ಅವನು ಪುಟ್ಟ ಟಾರ್ಚು ಹಿಡಿದು ಬೆರಳುಗಳ ಸಂದಿ, ಹಿಮ್ಮಡಿ, ಉಗುರಿನ ಅಂಚು ಎಲ್ಲವನ್ನೂ ನೋಡಿದ. ಕೊನೆಗೆ ಹೆಬ್ಬೆರಳಿನ ಬುಡವನ್ನು ಒತ್ತಿ, “ಇಲ್ಲಿ ಗೊತ್ತಾಗ್ತಿದ್ಯಾ?” ಎಂದು ಕೇಳಿದ.

“ಗೊತ್ತಾಗ್ತದ. ನಿನ್ನೇನೂ ಗೊತ್ತಾಗಿತ್ತು. ಅಲ್ರೀ, ಈ ಕಾಲಿಗೆ ಒಂದು ಪೆಡಲ್ ಮಾಡಿಸ್ಬೇಕಂತ ಮಾಡೀನಿ.”

ಟಾರ್ಚಿನ ಬೆಳಕು ಹೆಬ್ಬೆರಳಿನ ಮೇಲೆ ನಿಂತುಬಿಟ್ಟಿತು.

“ಯಾವುದರ ಪೆಡಲ್?”

“ಕೂಗರಿಂದು.”

ಇಂಗ್ಲೆಂಡಿನ ಡರ್ಬಿಯಲ್ಲಿ ಅನಂತ ಜಿಪಿ ಎಂಬ ಬಡಾವಣೆ ಡಾಕ್ಟರಾಗಿ ಇಪ್ಪತ್ತಾರು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯವರ ಪಾದಗಳನ್ನು ಅವನು ನೋಡಿದ್ದಕ್ಕೆ ಲೆಕ್ಕವಿಲ್ಲ. ನೋಡದೆ ಬಿಟ್ಟದ್ದು ಅದೇ ಕಾಯಿಲೆಯ ಹೆಂಡತಿಯ ಪಾದವೊಂದನ್ನೇ. ಹೋದ ವರ್ಷ ಬಲಗಾಲ ಹಿಮ್ಮಡಿಯಲ್ಲಿ ಎದ್ದ ಬೊಬ್ಬೆಯನ್ನು ನೀರಜಾ ಹನ್ನೊಂದು ದಿನ ಮುಚ್ಚಿಟ್ಟಿದ್ದಳು. ವಿಮಾನದ ಎಂಜಿನ್ನು ತಯಾರಿಸುವ ಅವಳ ಕಾರ್ಖಾನೆಯಲ್ಲಿ ದೊಡ್ಡದೊಂದು ಪರೀಕ್ಷೆ ನಡೆದಿತ್ತು; ಗಂಡನಿಗೆ ಹೇಳಿದರೆ ಮನೆಯಲ್ಲಿ ಕೂರಿಸುತ್ತಾನೆ ಎಂದು ಸುಮ್ಮನಿದ್ದಳು. ಅವನಿಗೆ ಗೊತ್ತಾಗುವಷ್ಟರಲ್ಲಿ ಸೋಂಕು ಮೂಳೆಗೆ ಇಳಿದಿತ್ತು. ಸೆಪ್ಟೆಂಬರಿನಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ. ಅನಂತ ಮಾತ್ರ ಒಂದು ಟಾರ್ಚು ಕೊಂಡು ತಂದ.

ಕೂಗರ್ ಎಂದರೆ ಅವಳ ಕಾರು, ೧೯೬೮ರ ಮರ್ಕ್ಯುರಿ ಕೂಗರ್. ಎಂಟು ಸಿಲಿಂಡರಿನ, ಕ್ಲಚ್ ಇಲ್ಲದ ಆಟೊಮ್ಯಾಟಿಕ್ ಅಮೆರಿಕನ್ ಗಾಡಿ. ಇಲ್ಲಿನ ವಾಯುನೆಲೆಗೆ ಬಂದಿದ್ದ ಅಮೆರಿಕನ್ ಸೈನಿಕನೊಬ್ಬ ಅದನ್ನು ಹಡಗಿನಲ್ಲಿ ತರಿಸಿಕೊಂಡು, ಇಲ್ಲಿಯವಳನ್ನೇ ಮದುವೆಯಾಗಿ, ಇಲ್ಲಿಯೇ ತೀರಿಕೊಂಡಿದ್ದ. ಅವನ ಹೆಂಡತಿಯಿಂದ ನೀರಜಾ ಅದನ್ನು ಕೊಂಡದ್ದು ತನ್ನ ಐವತ್ತನೆಯ ಹುಟ್ಟುಹಬ್ಬದ ವಾರದಲ್ಲಿ. ಕಾರ್ಖಾನೆಯಲ್ಲಿ ಒಂದು ಬೋಲ್ಟು ಬದಲಿಸಬೇಕಾದರೂ ಏಳು ಜನರ ಸಹಿ ಬೇಕಾಗಿತ್ತು. ಕೂಗರಿನಲ್ಲಿ ಯಾರ ಸಹಿಯೂ ಬೇಡ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಿದಳು. ಟ್ರಾಫಿಕ್ಕಿನಲ್ಲಿ ಕುದಿಯದಂತೆ ದೊಡ್ಡ ರೇಡಿಯೇಟರು ಕೂರಿಸಿದಳು. ಇಲ್ಲಿನ ಕಾನೂನಿಗೆ ಒಗ್ಗುವಂತೆ ಹಿಂದಿನ ಕೆಂಪು ಇಂಡಿಕೇಟರನ್ನು ಹಳದಿ ಮಾಡಿದಳು. ಬೆಳಗ್ಗೆ ಅದನ್ನು ಶುರು ಮಾಡಿದರೆ ಲಿಟಲ್‌ಓವರಿನ ಅವರ ಬೀದಿಯ ನಾಯಿಗಳೆಲ್ಲ ಏಳುತ್ತಿದ್ದವು. ಅನಂತ ಅದಕ್ಕೆ ಕೂಗಪ್ಪ ಎಂದು ಹೆಸರಿಟ್ಟಿದ್ದ.

ಸ್ಟಿಯರಿಂಗ್ ಎಡಗಡೆ ಇದ್ದದ್ದರಿಂದ ಬಲಗಡೆ ಕೂತ ಅನಂತನಿಗೂ ಕೆಲಸವಿತ್ತು. ಮುಂದಿನ ಲಾರಿಯನ್ನು ದಾಟುವ ಮುಂಚೆ ಎದುರಿಗೆ ಗಾಡಿ ಬರುತ್ತಿದೆಯೇ ಎಂದು ನೋಡಿ ಹೇಳುವುದು. ಎಂಟು ವರ್ಷದಲ್ಲಿ ಅವನು “ಈಗ ಬೇಡ” ಎನ್ನುವುದನ್ನು ಬಿಟ್ಟು ಬೇರೇನೂ ಹೇಳಿದ್ದು ನೀರಜಾಗೆ ನೆನಪಿಲ್ಲ.

ಈಗಿನ ಮಾತಿಗೆ ಕಾರಣ ಚೈತನ್ಯಾ. ಲೆಮಿಂಗ್ಟನ್ ಸ್ಪಾದಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ಶಬ್ದ ಹಿಡಿಯುವ ಕೆಲಸದ ಬೆಂಗಳೂರು ಹುಡುಗಿ. ಹಳೆಯ ಕಾರುಗಳ ಪ್ರದರ್ಶನದಲ್ಲಿ ಕೂಗರಿನ ಸದ್ದು ಕೇಳಿ ಮರುಳಾಗಿ, ಅದನ್ನು ತನ್ನ ಗೇಮಿಗೆ ರೆಕಾರ್ಡ್ ಮಾಡಿಕೊಳ್ಳಲು ಒಪ್ಪಿಗೆ ಪಡೆದಿದ್ದಳು. ಅದು ಆಪರೇಷನ್ನಿಗೆ ಮುಂಚಿನ ಮಾತು. ಈಗ ಜೂನ್ ಹದಿನಾಲ್ಕಕ್ಕೆ ಏರ್‌ಫೀಲ್ಡ್ ಬುಕ್ ಆಗಿದೆ ಎಂದು ಬರೆದಿದ್ದಳು. ಡ್ರೈವರನ್ನು ನಾವೇ ಕರೆತರುತ್ತೇವೆ, ನಿಮಗೆ ತೊಂದರೆ ಬೇಡ ಎಂದೂ ಬರೆದಿದ್ದಳು. ಆ ಕೊನೆಯ ವಾಕ್ಯವನ್ನು ನೀರಜಾ ಎರಡು ಸಲ ಓದಿದ್ದಳು.

“ಅವರ ಡ್ರೈವರೇ ಓಡಿಸ್ಲಿ ಬಿಡು,” ಎಂದ ಅನಂತ. “ನೀನು ಕುರ್ಚಿ ಹಾಕ್ಕೊಂಡು ನೋಡು.”

“ನನ್ನ ಗಾಡಿ ಓಡೋದನ್ನ ನಾ ಕುರ್ಚಿ ಹಾಕ್ಕೊಂಡು ನೋಡ್ಲ್ಯಾ?”

“ಲೈಸೆನ್ಸಿನವರು ನಿನ್ನ ಡ್ರೈವಿಂಗ್ ನೋಡೋಕೆ ಆಗಸ್ಟಿಗೆ ಡೇಟ್ ಕೊಟ್ಟಿದ್ದಾರೆ.”

“ಅದು ರಸ್ತೆ ಮ್ಯಾಲೆ ಓಡಿಸ್ಲಿಕ್ಕೆ. ಇದು ಖಾಸಗಿ ಜಾಗ. ಏರ್‌ಫೀಲ್ಡಿನವ್ರನ್ನ ಕೇಳೀನಿ. ಇನ್ಶೂರೆನ್ಸಿನವ್ರನ್ನೂ ಕೇಳೀನಿ.”

“ಎಲ್ಲರನ್ನೂ ಕೇಳಿದ್ದೀಯ. ನನ್ನೊಬ್ಬನ್ನ ಬಿಟ್ಟು.”

“ಈಗ ಕೇಳ್ಲಿಕತ್ತೀನಲ್ಲ.”

ಅನಂತ ಟಾರ್ಚು ಆರಿಸಿ, ಅವಳ ಪಾದಕ್ಕೆ ಕಾಲುಚೀಲ ಹಾಕಿ, ಅದರ ಮಡಿಕೆಯನ್ನು ಬೆರಳಿನಿಂದ ಸರಿಮಾಡಿದ. “ಉಳಿದಿರೋದು ಇದೊಂದೇ ಕಾಲು ನೀರಜಾ,” ಎಂದ. ಕ್ಲಿನಿಕ್ಕಿಗೆ ಹೊರಟುಹೋದ.

ಆ ಶನಿವಾರ ಶಿವಪ್ಪ ಬಂದ. ಗಜೇಂದ್ರಗಡದ ಕಡೆಯವನು. ಕಾರ್ಖಾನೆಯಲ್ಲಿ ನೀರಜಾಳ ಕೈಕೆಳಗೆ ವೆಲ್ಡರ್ ಆಗಿದ್ದು, ಈಗ ಸ್ವಂತ ಶೆಡ್ಡು ಹಾಕಿಕೊಂಡು ಗೇಟು, ಗ್ರಿಲ್ಲು ಮಾಡುತ್ತಿದ್ದ. ಹೆಂಡತಿ ಕೊಟ್ಟ ಜೋಳದ ರೊಟ್ಟಿಯ ಗಂಟನ್ನು ಅಡುಗೆಮನೆಯಲ್ಲಿಟ್ಟು ನೇರ ಗ್ಯಾರೇಜಿಗೆ ಹೋಗಿ, ಕೂಗರಿನ ಬಾಗಿಲು ತೆಗೆದು ಡ್ರೈವರನ ಕಾಲಿಡುವ ಜಾಗಕ್ಕೆ ತಲೆ ತೂರಿಸಿದ.

“ಅಕ್ಕಾರ, ನೆಲದಾಗ ಇಲ್ಲೊಂದು ಗುಂಡಿ ಐತಲ್ಲ, ಏನ್ರಿ ಇದು?”

“ಹೆಡ್‌ಲೈಟ್ ಡಿಮ್ ಮಾಡೋದು. ಎಡಗಾಲಿಂದ ಒತ್ತಬೇಕು.”

“ಮತ್ತ ಇದು?”

“ಪಾರ್ಕಿಂಗ್ ಬ್ರೇಕು. ಅದೂ ಎಡಗಾಲಿಂದನ.”

“ಎಲ್ಲಾನೂ ಕಾಲಿಗೇ ಹಚ್ಚಿಬಿಟ್ಟಾರಲ್ರಿ. ಕೈಯಿಂದ ಏನ್ ಮಾಡ್ತಿದ್ರು ಅಮೆರಿಕದವ್ರು?”

“ಕಿಟಕಿ ಹೊರಗ ಇಟ್ಕೊಂಡು ಕೂಡ್ತಿದ್ರು.”

ಹೊಸ ಪೆಡಲಿಗೆ ಜಾಗ ಮಾಡಲು ಎರಡನ್ನೂ ಎತ್ತಬೇಕಾಯಿತು. ದೀಪದ ಗುಂಡಿ ಡ್ಯಾಶ್‌ಬೋರ್ಡಿಗೆ ಹತ್ತಿತು. ಪಾರ್ಕಿಂಗ್ ಬ್ರೇಕಿಗೆ ಕೈಹಿಡಿ ಬಂತು. ಪೆಡಲಿನ ಚಿತ್ರವನ್ನು ನೀರಜಾ ಊಟದ ಮೇಜಿನ ಮೇಲೆ ಬರೆದಳು. ಕಾರ್ನ್‌ಫ್ಲೇಕ್ಸ್ ಡಬ್ಬಿ ಕತ್ತರಿಸಿ ಅದರ ಅಳತೆ ತೆಗೆದಳು. ಬ್ರೇಕಿನ ಎಡಕ್ಕೆ ಹೊಸ ಪೆಡಲು. ಅದರಿಂದ ಆಕ್ಸಿಲರೇಟರಿನ ತಂತಿಯವರೆಗೆ ಅಡ್ಡಲಾಗಿ ಒಂದು ಉಕ್ಕಿನ ಸರಳು. ಕೃತಕ ಕಾಲು ಜಾರಿ ಬ್ರೇಕಿನ ಅಡಿಗೆ ಸಿಕ್ಕದಂತೆ ನಡುವೆ ಒಂದು ತಗಡಿನ ಗೋಡೆ. ಬಲಗಡೆಯ ಹಳೆಯ ಪೆಡಲನ್ನು ಬಿಚ್ಚಿ ಶೆಲ್ಫಿನ ಮೇಲಿಟ್ಟರು. ಎಲ್ಲ ಸೇರಿ ನಾಲ್ಕು ಶನಿವಾರ ಹಿಡಿಯಿತು. ಮೊದಲ ಮೂರು ಶನಿವಾರ ಅನಂತ ಗ್ಯಾರೇಜಿನೊಳಗೆ ಕಾಲಿಡಲಿಲ್ಲ. ಶಿವಪ್ಪನಿಗೆ ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಕಿಟಕಿಯ ಮೇಲೆ ಬಂದು ಕೂರುತ್ತಿತ್ತು.

ನಾಲ್ಕನೆಯ ಶನಿವಾರ ನೀರಜಾ ಸೀಟಿನಲ್ಲಿ ಕೂತಳು. ಎಂಜಿನ್ ಶುರು ಮಾಡಿರಲಿಲ್ಲ. ಶಿವಪ್ಪ ಬಾನೆಟ್ಟಿನೊಳಗೆ ಬಗ್ಗಿ ತಂತಿ ನೋಡುತ್ತಿದ್ದ.

“ಒತ್ರಿ ಅಕ್ಕಾರ.”

“ಒತ್ತೀನಿ.”

“ಇಲ್ರಿ, ತಂತಿ ಅಳ್ಳಾಡೇ ಇಲ್ಲ.”

“ಪೂರಾ ಒತ್ತೀನೋ ಮಾರಾಯ.”

ಶಿವಪ್ಪ ಬಂದು ಬಾಗಿಲಲ್ಲಿ ಬಗ್ಗಿ ನೋಡಿದ. ಅವಳ ಎಡಗಾಲು ಪೆಡಲಿನ ಮೇಲೆ ಆರಾಮಾಗಿ ಕೂತಿತ್ತು. ಅವಳು ಒತ್ತಿದ್ದು ಬಲಗಾಲನ್ನು. ಆ ಕಾಲಿನ ಐದೂ ಬೆರಳು, ಅಂಗಾಲಿನ ಮುಂಭಾಗ ಎಲ್ಲವೂ ನೆಲಕ್ಕೆ ಒತ್ತಿದ್ದು ಅವಳಿಗೆ ನಿಚ್ಚಳವಾಗಿ ಗೊತ್ತಾಗುತ್ತಿತ್ತು. ನೋಡಿದರೆ ಅಲ್ಲಿದ್ದದ್ದು ಕಾರ್ಬನ್ನಿನ ಪಾದ. ಅದು ಮಿಸುಕಿರಲೇ ಇಲ್ಲ.

ನೀರಜಾಗೆ ನಗು ಬಂತು. ಶಿವಪ್ಪ, ನಗಬಹುದೋ ಬಾರದೋ ತಿಳಿಯದೆ ಕೈಯಲ್ಲಿದ್ದ ಸ್ಪ್ಯಾನರನ್ನು ಒರೆಸತೊಡಗಿದ.

ಚಹಾದ ಲೋಟ ಹಿಡಿದು ಕಿಟಕಿಯಾಚೆ ನಿಂತಿದ್ದ ಅನಂತ ಇದನ್ನೆಲ್ಲ ನೋಡಿದ್ದ. ಒಳಗೆ ಬಂದವನು ಲೋಟವನ್ನು ಕಾರಿನ ಮೇಲಿಡಲು ಹೋಗಿ, ಹೆಂಡತಿಯ ಮುಖ ನೋಡಿ, ನೆಲದ ಮೇಲಿಟ್ಟ.

“ಮೂವತ್ತೈದು ವರ್ಷ ಗಾಡಿ ಓಡಿಸಿದ ನರ, ಇವತ್ತು ಬಿಡು ಅಂದ್ರೆ ಬಿಡುತ್ತಾ?” ಎಂದ. “ಅದಕ್ಕೆ ಹೊಸದಾಗಿ ಕಲಿಸ್ಬೇಕು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ನಲವತ್ತು ಸಲ. ಊಟಕ್ಕೆ ಮುಂಚೆ.”

“ಮಾತ್ರೆ ಬರೆದಂಗ ಹೇಳ್ತೀರಲ್ಲ.”

“ಮಾತ್ರೇನೇ ಅನ್ಕೋ.”

ಅಂದಿನಿಂದ ಮೂರು ಹೊತ್ತೂ ಗ್ಯಾರೇಜಿನಿಂದ ಅನಂತನ ದನಿ ಕೇಳುತ್ತಿತ್ತು. “ಒತ್ತು. ಬಿಡು. ಬ್ರೇಕ್. ಒತ್ತು. ಬಿಡು. ಬ್ರೇಕ್.” ಮಧ್ಯಾಹ್ನದ ಪಾಠಕ್ಕಾಗಿ ಅವನು ಕ್ಲಿನಿಕ್ಕಿನಿಂದ ಮನೆಗೆ ಬಂದು ಹೋಗುತ್ತಿದ್ದ. ಅವಳು ತಪ್ಪಿದ ಪ್ರತಿ ಸಲವೂ ಮತ್ತೆ ಒಂದರಿಂದ ಎಣಿಸುತ್ತಿದ್ದ. ಹತ್ತನೆಯ ದಿನ ಒಂದೂ ತಪ್ಪದೆ ನಲವತ್ತು ಮುಗಿದಾಗ ಏನೂ ಹೊಗಳಲಿಲ್ಲ. “ಹದಿನಾಲ್ಕಕ್ಕೆ ನಾನೂ ಬರ್ತೀನಿ,” ಎಂದ. “ಪಕ್ಕದಲ್ಲಿ ಕೂತ್ಕೋತೀನಿ. ಡಾಕ್ಟರಾಗಿ.”

ಏರ್‌ಫೀಲ್ಡ್ ಲಿಂಕನ್ ಕಡೆ, ಗೋಧಿ ಹೊಲಗಳ ನಡುವೆ ಇತ್ತು. ಯುದ್ಧದ ಕಾಲದ ರನ್‌ವೇ. ಕಾಂಕ್ರೀಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದು ಗಾಳಿಗೆ ಒಂದೇ ಕಡೆ ಒರಗಿತ್ತು. ಕೂಗರ್ ಟ್ರೇಲರಿನ ಮೇಲೆ ಬಂದಿತು, ಹಿಂದೆ ಶಿವಪ್ಪನ ವ್ಯಾನಿನಲ್ಲಿ ಉಳಿದವರು. ಚೈತನ್ಯಾ ಸೈಲೆನ್ಸರಿನ ಹತ್ತಿರ ಎರಡು ಮೈಕು, ಬಾನೆಟ್ಟಿನೊಳಗೆ ಒಂದು, ಒಳಗೆ ಡ್ಯಾಶ್‌ಬೋರ್ಡಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಕಟ್ಟಿದಳು. ಗಾಳಿಯ ಸದ್ದು ತಡೆಯಲು ಮೈಕುಗಳಿಗೆ ತುಪ್ಪಳದ ಟೋಪಿ ಹಾಕಿದ್ದಳು. ಅವಳು ಕರೆತಂದಿದ್ದ ಡ್ರೈವರ್, ನೀರಜಾ ತಾನಾಗಿಯೇ ಸ್ಟಿಯರಿಂಗಿನ ಮುಂದೆ ಕೂತದ್ದನ್ನು ನೋಡಿ, ಫ್ಲಾಸ್ಕಿನ ಕಾಫಿ ಹಿಡಿದು ದೂರ ಹೋಗಿ ನಿಂತ.

“ಆಂಟಿ, ಫಸ್ಟ್ ನಿಧಾನಕ್ಕೆ ಹೋಗಿ. ಆಮೇಲೆ ಫುಲ್ ಸ್ಪೀಡ್. ಆ ಆರೆಂಜ್ ಕೋನ್ ಹತ್ರ ಜೋರಾಗಿ ಬ್ರೇಕ್. ಒಳಗೆ ಮಾತ್ರ ಯಾರೂ ಮಾತಾಡ್ಬಾರ್ದು, ಒಂದು ಅಕ್ಷರಾನೂ.” ಚೈತನ್ಯಾ ಅನಂತನ ಕಡೆ ನೋಡಿದಳು. “ಪ್ಲೀಸ್ ಅಂಕಲ್.”

“ಅವ್ರಿಗೆ ಅದೇ ಕಷ್ಟ,” ಎಂದಳು ನೀರಜಾ.

ಎಂಜಿನ್ ಎದ್ದಿತು. ಹೊಲದಲ್ಲಿದ್ದ ಕಾಗೆಗಳು ಒಮ್ಮೆಗೇ ಹಾರಿದವು. ಒಂಬತ್ತು ತಿಂಗಳಿಂದ ಕೇಳದ ಆ ಸದ್ದು ಸೀಟಿನ ಮೂಲಕ ಬೆನ್ನಿಗೆ ಹತ್ತಿದಾಗ ನೀರಜಾಳ ಬಲಗಾಲು, ಅಂದರೆ ಇಲ್ಲದ ಬಲಗಾಲು, ಒತ್ತಿತು. ಗಾಡಿ ಮಿಸುಕಲಿಲ್ಲ. ಅವಳು ಮನಸ್ಸಿನಲ್ಲಿ ಗಂಡನ ದನಿ ತಂದುಕೊಂಡಳು: ಒತ್ತು. ಎಡಗಾಲು ಒತ್ತಿತು. ಕೂಗರ್ ಮೂಗು ಎತ್ತಿ ಹೊರಟಿತು.

ನಿಧಾನದ ಸುತ್ತು ಸಲೀಸಾಗಿ ಮುಗಿಯಿತು. ಎರಡನೆಯ ಸಲ ಅವಳು ಪೆಡಲನ್ನು ನೆಲಕ್ಕೆ ಮುಟ್ಟಿಸಿದಳು. ಗಾಡಿ ಹಿಂದಿನ ಚಕ್ರಗಳ ಮೇಲೆ ಕುಕ್ಕರಿಸಿ ಚಿಮ್ಮಿತು. ಹುಲ್ಲು, ಬೇಲಿ, ಗಾಳಿಯ ದಿಕ್ಕು ತೋರುವ ಚೀಲದ ಕಂಬ ಎಲ್ಲವೂ ಹಿಂದಕ್ಕೆ ಓಡಿದವು. ಅವಳಿಗೆ ಹಾಡಬೇಕೆನ್ನಿಸಿತು, ಮೈಕಿನ ನೆನಪಾಗಿ ತುಟಿ ಕಚ್ಚಿಕೊಂಡಳು. ಕೋನ್ ಹತ್ತಿರ ಬಂತು. ಬ್ರೇಕ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದ್ದು ಇಲ್ಲದ ಬಲಗಾಲೇ. ಅರ್ಧ ಸೆಕೆಂಡು ಅವಳಿಗೆ ತನ್ನ ದೇಹದಲ್ಲಿ ಯಾವುದು ಎಲ್ಲಿದೆ ಎಂದೇ ತಿಳಿಯಲಿಲ್ಲ. ಆಮೇಲೆ ಎಡಗಾಲು ತಾನಾಗಿ ಎದ್ದು, ಬಲಕ್ಕೆ ಸರಿದು, ಬ್ರೇಕನ್ನು ತುಳಿಯಿತು. ಟೈರುಗಳು ಕಿರುಚಿದವು. ಬಂಪರು ಕೋನನ್ನು ಮೆಲ್ಲಗೆ ಮುಟ್ಟಿತು. ಅದು ಒರಗಿ ಬಿದ್ದು ಎರಡು ಸುತ್ತು ಉರುಳಿತು.

ನೀರಜಾ ಗಂಡನ ಕಡೆ ತಿರುಗಿದಳು. ಅನಂತನ ಮುಖ ಬಿಳುಚಿಕೊಂಡಿತ್ತು. ಬಾಯಿ ತೆರೆದ. ಮೈಕಿನ ತುಪ್ಪಳದ ಟೋಪಿ ನೋಡಿ ಮುಚ್ಚಿದ. ತೋರುಬೆರಳು ಎತ್ತಿ ಗಾಳಿಯಲ್ಲಿ ಒಂದು ಸುತ್ತು ಬರೆದ: ಮತ್ತೆ ಮೊದಲಿನಿಂದ.

ಮತ್ತೆ ಆರು ಸಲ ಓಡಿಸಿದಳು. ಒಂದು ಕೋನೂ ಬೀಳಲಿಲ್ಲ. ಕೊನೆಯೆರಡು ಸಲ ಅವಳಿಗೆ ಕಾಲಿನ ಯೋಚನೆಯೇ ಬರಲಿಲ್ಲ.

ಚೈತನ್ಯಾ ವ್ಯಾನಿನ ಹಿಂದೆ ಕೂತು ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಮೊದಲು ತಲೆದೂಗಿದಳು, ಆಮೇಲೆ ಹುಬ್ಬು ಗಂಟಿಕ್ಕಿದಳು.

“ಎಂಜಿನ್ ಸೂಪರ್ ಬಂದಿದೆ ಆಂಟಿ. ಆದ್ರೆ ಬ್ರೇಕ್ ಮಾಡೋವಾಗೆಲ್ಲ ಒಳಗೆ ಧಪ್ ಅಂತ ಏನೋ ಸೌಂಡ್ ಇದೆ. ಏನಾದ್ರೂ ಲೂಸ್ ಆಗಿದ್ಯಾ?”

“ನನ್ನ ವೆಲ್ಡಿಂಗ್ ಅಲ್ರಿ,” ಎಂದ ಶಿವಪ್ಪ ತಕ್ಷಣ. ಹಾಗೆಂದವನೇ ಹೋಗಿ ಕಾರಿನೊಳಗೆ ತಲೆ ತೂರಿಸಿ ಸರಳನ್ನೂ ಪೆಡಲನ್ನೂ ಅಲ್ಲಾಡಿಸಿ ನೋಡಿದ. ಎಲ್ಲ ಗಟ್ಟಿಯಾಗಿತ್ತು.

ನೀರಜಾ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಎಂಜಿನ್ನಿನ ತಪ್ಪು ಹಿಡಿಯುವುದರಲ್ಲೇ ಅವಳ ಇಪ್ಪತ್ತೆಂಟು ವರ್ಷ ಕಳೆದಿತ್ತು. ಸದ್ದು ಬರುತ್ತಿದ್ದದ್ದು ಬಲಗಡೆಯ ಮೈಕಿನಲ್ಲಿ. ಬ್ರೇಕಿನ ಜೊತೆಗಲ್ಲ, ಪ್ರತಿ ಸಲವೂ ಬ್ರೇಕಿಗಿಂತ ಒಂದು ಕ್ಷಣ ಮುಂಚೆ. ಕೋನ್ ಬಿದ್ದ ಆ ಸಲವಂತೂ ಸಾಲಾಗಿ ಮೂರು ಬಾರಿ: ಧಪ್, ಧಪ್, ಧಪ್.

ಅವಳು ಹೆಡ್‌ಫೋನ್ ತೆಗೆದು ಅನಂತನ ತಲೆಗೆ ಹಾಕಿದಳು.

ಅನಂತ ಗಂಭೀರವಾಗಿ ಕೇಳಿದ. “ಹೌದು, ಏನೋ ಬಡಿಯುತ್ತೆ,” ಎಂದ. ಇನ್ನೊಂದು ಸಲ ಕೇಳಿದ. ನಿಧಾನವಾಗಿ ತಲೆ ಬಗ್ಗಿಸಿ, ಇಲ್ಲದ ಬ್ರೇಕನ್ನು ತುಳಿದಿದ್ದ ತನ್ನ ಬಲಗಾಲನ್ನು ನೋಡಿಕೊಂಡ.

“ನಾನು ಒಂದು ಅಕ್ಷರಾನೂ ಮಾತಾಡ್ಲಿಲ್ವಲ್ಲ,” ಎಂದ.

ಶಿವಪ್ಪ ಈ ಸಲ ಕಾಯಲಿಲ್ಲ. ವ್ಯಾನಿಗೆ ಒರಗಿ ಜೋರಾಗಿ ನಕ್ಕ. ಚೈತನ್ಯಾಗೂ ತಡೆಯಲಾಗಲಿಲ್ಲ. “ಇನ್ನೊಂದು ಟೇಕ್ ತಗೊಂಡ್ಬಿಡೋಣ ಅಂಕಲ್,” ಎಂದಳು. “ಬೇಕಾದ್ರೆ ನೀವು ಇಲ್ಲೇ ಇರಿ. ಆಂಟಿ ಒಬ್ರೇ ಹೋಗಿ ಬರ್ಲಿ.”

ನೀರಜಾ ಆಗಲೇ ಕೂಗರಿನತ್ತ ನಡೆಯತೊಡಗಿದ್ದಳು. ಒಳಗೆ ಕೂತು ಬೆಲ್ಟ್ ಹಾಕಿಕೊಳ್ಳುವ ಮುಂಚೆ ಅಡ್ಡಕ್ಕೆ ಬಾಗಿ ಬಲಗಡೆಯ ಬಾಗಿಲನ್ನು ಒಳಗಿನಿಂದ ತೆಗೆದಿಟ್ಟಳು. ಎಂಜಿನ್ ಶುರು ಮಾಡಲಿಲ್ಲ, ಮುಂದೆ ನೋಡುತ್ತ ಕೂತಳು.

ಅನಂತ ರನ್‌ವೇಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೂಟಿನ ಲೇಸು ಬಿಚ್ಚಿದ. ಎರಡೂ ಬೂಟನ್ನು ಜೋಡಿಸಿಟ್ಟು, ಬೂದುಬಣ್ಣದ ಕಾಲುಚೀಲದಲ್ಲಿ ತಣ್ಣನೆಯ ಕಾಂಕ್ರೀಟಿನ ಮೇಲೆ ಎಚ್ಚರದಿಂದ ಹೆಜ್ಜೆಯಿಡುತ್ತ ಹೋಗಿ ಕಾರು ಹತ್ತಿ ಬಾಗಿಲು ಎಳೆದುಕೊಂಡ.

ಕೂಗರ್ ಗುಡುಗುತ್ತ ದೂರವಾಯಿತು. ಅಂಚಿನಲ್ಲಿ ಆ ಕಪ್ಪು ಬೂಟುಗಳು ಪಕ್ಕಪಕ್ಕದಲ್ಲಿ ನಿಂತಿದ್ದವು. ಬಿಚ್ಚಿದ ಲೇಸುಗಳು ಗಾಳಿಗೆ ಕಾರು ಹೋದ ಕಡೆಗೇ ವಾಲಿದ್ದವು.