ರೋಲರಿನ ಕೆಳಗಿದ್ದದ್ದು

ಡಾಂಬರು ಮೇಸ್ತ್ರಿಗೆ ತಾನು ಹಾಕಿದ ರಸ್ತೆಗಳೆಂದರೆ ಹೆತ್ತ ಮಕ್ಕಳಷ್ಟೇ ಹೆಮ್ಮೆ. ಮನೆ ಮುಂದಿನ ಬೀದಿ ಅವನ ಕೈಯದೇ. ಮೂವತ್ತು ವರ್ಷವಾದರೂ ಒಂದು ಗುಂಡಿ ಬಿದ್ದಿಲ್ಲ. ಅಂಥ ಬೀದಿಯ ಅಂಚನ್ನು ಸ್ವಂತ ಸೊಸೆಯೇ ಮುಂದೆ ನಿಂತು ಕೀಳಿಸಿ, ನೆರೆಹೊರೆಯವರನ್ನು ಸೇರಿಸಿಕೊಂಡು ಸಸಿ ನೆಡಿಸಿದಾಗ ಮುದುಕ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ.

ಹನ್ನೊಂದು ಸಸಿಗಳೂ ಒಣಗಿದವು. ನಗರಸಭೆಯವರು ಬಂದು, "ಇನ್ನೊಂದು ಸಲ ನೆಡಿ. ಅವೂ ಹೋದ್ರೆ ಆ ಜಾಗ ಮತ್ತೆ ಕಾರು ನಿಲ್ಸೋಕೆ" ಎಂದು ಖಡಾಖಂಡಿತವಾಗಿ ಹೇಳಿ ಹೋದರು.

ಸೊಸೆ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. "ನೀರು, ಗೊಬ್ಬರ ಯಾವುದಕ್ಕೂ ಕಡಿಮೆ ಮಾಡ್ಲಿಲ್ಲ ಮಾವ. ನನ್ನ ಕೈಗುಣಾನೇ ಸರಿಯಿಲ್ಲ."

ಮೇಸ್ತ್ರಿ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತ. ಕಾರಣ ಅವನಿಗೆ ಮೊದಲ ದಿನವೇ ಗೊತ್ತಿತ್ತು. ಹಟಕ್ಕೆ ಬಿದ್ದು ಬಾಯಿಗೆ ಬೀಗ ಹಾಕಿಕೊಂಡಿದ್ದ.

"ಕೈಗುಣ ಅಲ್ಲಮ್ಮ. ಕೆಳಗೆ ನಾಲ್ಕು ವರಸೆ ಜಲ್ಲಿ ಹಾಕಿ ರೋಲರ್ ಓಡ್ಸಿದ್ದೀನಿ. ನೀವು ಮೇಲಿನ ಎರಡು ಕಿತ್ತು ಮಣ್ಣು ತುಂಬಿದ್ರಿ. ನೀರು ಇಳಿಯೋಕೆ ದಾರಿಯಿಲ್ಲದೆ ಬೇರು ಕೊಳೀತು."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನನ್ನ ರಸ್ತೆ ಒಡೀರಿ ಅಂತ ನಾನೇ ಹೆಂಗಮ್ಮ ಹೇಳ್ಲಿ?"

ಹೇಳಿದ ಮೇಲೆ ಕೂರಲಾಗಲಿಲ್ಲ. ಹಾರೆ ಹಿಡಿದು ಮೊದಲ ಸಸಿಯ ಗುಂಡಿಗೆ ಇಳಿದ. ಎದುರು ಮನೆಯ ದರ್ಜಿ, ಪಕ್ಕದ ಮನೆಯ ನರ್ಸಮ್ಮ ಬುಟ್ಟಿ ತಂದರು. ಜಲ್ಲಿ ಜಪ್ಪಯ್ಯ ಅನ್ನಲಿಲ್ಲ. "ಎಂಥ ಕೆಲಸ ಮಾಡಿಟ್ಟಿದ್ದೀಯೋ ಮಾರಾಯ!" ಎಂದು ದರ್ಜಿ ಬೈದ, ಬೈಗುಳದಲ್ಲೂ ಮೇಸ್ತ್ರಿಗೆ ಹೊಗಳಿಕೆಯೇ ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ಕೊನೆಯ ವರಸೆ ಅಲುಗಿತು.

ಅಡಿಯಲ್ಲಿ ತೇವದ ಕಪ್ಪು ಮಣ್ಣು. ಅದರ ನಡುವೆ ಮಣಿಕಟ್ಟಿನಷ್ಟು ದಪ್ಪದ ಒಂದು ಬೇರು.

ಮೇಸ್ತ್ರಿ ತಲೆಯೆತ್ತಿ ನೋಡಿದ. ಸುತ್ತಲೂ ಮರವೆಂದರೆ ಬೀದಿಯ ಆಚೆ ಬದಿಯ ಶಾಲೆಯ ಅಂಗಳದ್ದೊಂದೇ. ಅಲ್ಲಿಂದ ಇಲ್ಲಿಯವರೆಗೆ, ಅವನ ಇಡೀ ರಸ್ತೆಯ ಅಡಿಯಲ್ಲಿ, ಯಾರಿಗೂ ಹೇಳದೆ ಕೇಳದೆ ಅದು ನಡೆದು ಬಂದಿತ್ತು. ಅವನು ಹಾರೆ ಪಕ್ಕಕ್ಕಿಟ್ಟ. ಮಂಡಿಯೂರಿ, ಮಲಗಿದ ಕೂಸನ್ನು ಮುಟ್ಟುವಂತೆ ಬೇರನ್ನು ಮುಟ್ಟಿದ.

"ಹತ್ತು ಟನ್ನಿನ ರೋಲರ್ ಕಣಮ್ಮ. ಇದರ ತಲೆ ಮೇಲೇ ಓಡ್ಸಿದ್ದೀನಿ. ಇದು ನನ್ನ ಲೆಕ್ಕಕ್ಕೇ ಇಟ್ಟಿಲ್ಲ!"

ಸೊಸೆ ಬೇರಿನ ಪಕ್ಕಕ್ಕೆ ಒಂದು ಕೊಡ ನೀರು ಸುರಿದಳು. ನೀರು ಗುಳುಗುಳು ಎಂದು ಇಳಿದುಹೋಯಿತು. ನರ್ಸಮ್ಮ ಬಗ್ಗಿ ನೋಡುತ್ತಲೇ ಇದ್ದಳು.

ತನ್ನ ರಸ್ತೆ ಸೋತದ್ದನ್ನು ಮೇಸ್ತ್ರಿ ಕಣ್ಣಾರೆ ಕಂಡ. ಬೇಜಾರಾಗಲಿಲ್ಲ, ಕಣ್ಣು ತುಂಬಿತು. ಹಾರೆ ಹೆಗಲಿಗೇರಿಸಿ ಮುಂದಿನ ಗುಂಡಿಯತ್ತ ಹೊರಟ.

"ಇನ್ನೂ ಹತ್ತಿವೆ, ಬನ್ರಪ್ಪಾ" ಎಂದ. "ಹುಷಾರಾಗಿ ಒಡೀರಿ. ಕೆಳಗೆ ಯಾರಿದ್ದಾರೋ ಏನೋ."